ಅಕ್ಕನ ವಾರ್ಡು, ಭಾವನ ದರ್ಬಾರು

ಮುಂಬಯಿಯಲ್ಲಿ ದೊಡ್ಡ ದೊಡ್ಡ ಗಂಡಸರು ಕಣ್ಣೀರು ಹಾಕುವುದನ್ನು ನೋಡಬೇಕಿದ್ದರೆ ಮಹಾನಗರ ಪಾಲಿಕೆಯ ಮೀಸಲಾತಿ ಲಾಟರಿಯ ದಿನ ನೋಡಬೇಕು ಮಾರಾಯ್ರೆ. ಒಟ್ಟು 227 ವಾರ್ಡು. ಅದರಲ್ಲಿ 114 ಹೆಂಗಸರಿಗೆ ಮೀಸಲು. ಯಾವುದು ಯಾರಿಗೆ ಅಂತ ಚೀಟಿ ಎತ್ತುತ್ತಾರೆ. 2025ರ ನವೆಂಬರಿನಲ್ಲೂ ಎತ್ತಿದರು. ವರ್ಷಗಟ್ಟಲೆ ಗಣಪತಿ ಮಂಡಳಕ್ಕೆ ದೇಣಿಗೆ ಕೊಟ್ಟು, ಗಟಾರದ ಪಕ್ಕ ನಿಂತು ಫೋಟೋ ತೆಗೆಸಿಕೊಂಡು, ಸಾವಿನ ಮನೆಗೆ ಎಲ್ಲರಿಗಿಂತ ಮೊದಲು ಹೋಗಿ, ಮದುವೆ ಮನೆಯಿಂದ ಎಲ್ಲರಿಗಿಂತ ಕೊನೆಗೆ ಎದ್ದು ಸೀಟು ಕಾಯುತ್ತಿದ್ದ ನಮ್ಮ ಭಾವನಂಥ ಎಷ್ಟೋ ಭಾವಂದಿರ ವಾರ್ಡಿಗೆ 'ಮಹಿಳಾ' ಅಂತ ಬಂತು. ಮೊದಲ ಅರ್ಧ ಗಂಟೆ ಮನೆಯಲ್ಲಿ ಸೂತಕ. ಆಮೇಲೆ ಯಾರಿಗೋ ಹೊಳೆಯಿತು: ಅರೆ, ಮನೆಯಲ್ಲೇ ಒಬ್ಬಳು ಮಹಿಳೆ ಇದ್ದಾಳಲ್ಲ!

ಇದ್ದಾಳೆ. ಅಡುಗೆಮನೆಯಲ್ಲಿ, ಸಮಾಧಾನ ಹೇಳಲು ಬಂದ ಕಾರ್ಯಕರ್ತರಿಗೆಲ್ಲ ಚಹಾ ಸೋಸುತ್ತಿದ್ದಾಳೆ. ಅವಳನ್ನು ಹೊರಗೆ ಕರೆದು ಆಧಾರ್ ಕಾರ್ಡ್ ಕೇಳಿದರು. ಸಂಜೆಯೊಳಗೆ ಸ್ಟುಡಿಯೋದಲ್ಲಿ ಕೈ ಮುಗಿಸಿ ನಿಲ್ಲಿಸಿದರು. ನಗಬೇಕು, ಆದರೆ ಜಾಸ್ತಿ ನಗಬಾರದು. ಸೆರಗು ಸರಿಯಿರಬೇಕು. ಮರುದಿನ ಫ್ಲೆಕ್ಸ್ ಬಂತು. ಮೇಲೆ ಪಕ್ಷದ ಹಿರಿಯರ ಸಾಲು, ಒಂದು ಪಕ್ಕ ಭಾವ, ಆಳೆತ್ತರ, ಫೋನ್ ಕಿವಿಗಿಟ್ಟುಕೊಂಡು. ಈ ಪಕ್ಕ ಅಕ್ಕ, ಭಾವನ ಭುಜದ ಮಟ್ಟಕ್ಕೆ. ಹೆಸರು 'ಸೌ.' ಎಂದು ಶುರುವಾಗುತ್ತದೆ, ಅಂದರೆ ಗಂಡ ಬದುಕಿದ್ದಾನೆ, ಗಾಬರಿಯಾಗಬೇಡಿ ಅಂತ ಮತದಾರರಿಗೆ ಮೊದಲೇ ಭರವಸೆ. ಮರಾಠಿ ರೂಢಿಯಂತೆ ಅವಳ ಹೆಸರು, ಆಮೇಲೆ ಅವನ ಹೆಸರು, ಆಮೇಲೆ ಅಡ್ಡಹೆಸರು. ಮೂರರಲ್ಲಿ ಎರಡು ಅವನದೇ. ಅವಳಿಗೆ ಮೀಸಲಾತಿ ಸಿಕ್ಕಿದ್ದು ಮೂರನೇ ಒಂದು ಭಾಗ. ಹಳೇ ಲೆಕ್ಕ ಅದೇ ಇತ್ತಲ್ಲ, 33 ಪರ್ಸೆಂಟು! 2011ರಲ್ಲಿ ಮಹಾರಾಷ್ಟ್ರ ಸರಕಾರ ಅದನ್ನು 50ಕ್ಕೆ ಏರಿಸಿತು. ಫ್ಲೆಕ್ಸ್ ಮಾಡುವವರಿಗೆ ಸುದ್ದಿ ಇನ್ನೂ ಮುಟ್ಟಿಲ್ಲ.

ಕೇಳಿದರೆ ಭಾವನ ಹತ್ತಿರ ಉತ್ತರ ರೆಡಿ. "ಅವಳಿಗೆ ರಾಜಕೀಯ ಎಲ್ಲಿ ಗೊತ್ತಾಗುತ್ತೆ? ಪಾಪ, ಮನೆಯಲ್ಲಿದ್ದವಳು." ಹೌದೌದು. ಈ ಊರಿನ ಹೆಂಗಸರಿಗೆ ರಾಜಕೀಯ ಗೊತ್ತೇ ಇಲ್ಲ. ಸುಲೋಚನಾ ಮೋದಿ 1956ರಲ್ಲಿ ಮೇಯರ್ ಆದದ್ದು ಬಹುಶಃ ದಾರಿ ತಪ್ಪಿ ಪಾಲಿಕೆಯೊಳಗೆ ಹೋಗಿ. ಆಗ ಮೀಸಲಾತಿಯೂ ಇರಲಿಲ್ಲ, ಫ್ಲೆಕ್ಸೂ ಇರಲಿಲ್ಲ. 1961ರಲ್ಲಿ ಗೋರೆಗಾಂವ್‌ನಿಂದ ಪಾಲಿಕೆಗೆ ಗೆದ್ದ ಮೃಣಾಲ್ ಗೋರೆ ಅವರಿಗೂ ಏನೂ ಗೊತ್ತಿರಲಿಲ್ಲ. ಸುಮ್ನೆ ನೀರು ಕೇಳಿದರು. ನಳ್ಳಿ ಬರುವವರೆಗೂ ಕೇಳಿದರು. ಅದಕ್ಕೇ ಜನ 'ಪಾನೀವಾಲಿ ಬಾಯಿ' ಅಂದರು. ಬೆಲೆ ಏರಿಕೆಯ ವಿರುದ್ಧ 1972ರಲ್ಲಿ ಅಹಿಲ್ಯಾ ರಾಂಗ್ಣೇಕರ್ ಮುಂತಾದವರ ಜತೆ ಸಮಿತಿ ಕಟ್ಟಿ, ಲಟ್ಟಣಿಗೆ ಹಿಡಿದ ಸಾವಿರಾರು ಹೆಂಗಸರನ್ನು ಬೀದಿಗೆ ತಂದರು. ಮಂತ್ರಿಗಳು ಬೆವರಿದರು. ಆಕೆಯ ಗಂಡ ಕೇಶವ ಗೋರೆ 1958ರಲ್ಲೇ ತೀರಿಹೋಗಿದ್ದರು. ಈಗಿನ ಲೆಕ್ಕದಲ್ಲಿ ಆಕೆಗೆ ಟಿಕೆಟ್ ಸಿಗುವುದು ಕಷ್ಟ. ಗೆದ್ದರೆ ಆಫೀಸಿನಲ್ಲಿ ಕೂರುವುದು ಯಾರು? ಫ್ಲೆಕ್ಸಿನಲ್ಲಿ 'ಸೌ.' ಹಾಕುವ ಹಾಗಿಲ್ಲ. ಪ್ರಚಾರದ ಅರಸಿನ ಕುಂಕುಮಕ್ಕಂತೂ ಕರೆಯುವ ಹಾಗೇ ಇಲ್ಲ.

ಆ ಅರಸಿನ ಕುಂಕುಮದ ವಿಷಯ ಹೇಳಲೇಬೇಕು. ಸಂಕ್ರಾಂತಿ ಆಸುಪಾಸು ಚುನಾವಣೆ ಬಂದರಂತೂ ಮುಂಬಯಿಯಲ್ಲಿ ಹೆಂಗಸರಿಗೆ ರಾಜಯೋಗ. ಪ್ರತಿ ಮೈದಾನದಲ್ಲೂ ಹಳದಿ ಕುಂಕು, ಪ್ರತಿ ವೇದಿಕೆಯಲ್ಲೂ ಪೈಠಣಿ ಸೀರೆ ಗೆಲ್ಲುವ ಆಟ. ಪಕ್ಷ ಯಾವುದೇ ಇರಲಿ, ಕಾರ್ಯಕ್ರಮ ಒಂದೇ. ಬಾಯಲ್ಲಿ ಚಮಚ, ಚಮಚದಲ್ಲಿ ಲಿಂಬೆಹಣ್ಣು, ಮೈಕಿನಲ್ಲಿ ಒಬ್ಬ ಗಂಡಸು. "ನಿಮ್ಮ ಯಜಮಾನರ ಹೆಸರು ಒಗಟಿನಲ್ಲಿ ಹೇಳಿ ವೈನಿ!" ಅಂತಾನೆ. ವೈನಿ ನಾಚಿ ಹೇಳುತ್ತಾಳೆ. ಚಪ್ಪಾಳೆ. ಕುಕ್ಕರ್. ವಾರ್ಡಿನ ನೀರಿನ ಬಗ್ಗೆ ಒಬ್ಬರೂ ಕೇಳುವುದಿಲ್ಲ, ಬಾಯಲ್ಲಿ ಚಮಚ ಇದೆಯಲ್ಲ. ಹಿಂದೆ ಮಂತ್ರಿಗೆ ತೋರಿಸಿದ ಲಟ್ಟಣಿಗೆ ಈಗ ಎರಡನೇ ಬಹುಮಾನ.

ಇದು ಮುಂಬಯಿಯ ರೋಗ ಮಾತ್ರ ಅಂದುಕೊಳ್ಳಬೇಡಿ. ಛತ್ತೀಸ್‌ಗಢದ ಪರಸ್ವಾರಾ ಎಂಬ ಪಂಚಾಯಿತಿಯಲ್ಲಿ ಗೆದ್ದವರು ಆರು ಮಂದಿ ಹೆಂಗಸರು, 2025ರ ಮಾರ್ಚ್‌ನಲ್ಲಿ ಪ್ರಮಾಣವಚನ ತೆಗೆದುಕೊಂಡವರು ಅವರ ಗಂಡಂದಿರು. ಅದೂ ಮಹಿಳಾ ದಿನಕ್ಕೆ ನಾಲ್ಕೈದು ದಿನ ಇರುವಾಗ. ಕಾರ್ಯದರ್ಶಿಯನ್ನು ಅಮಾನತು ಮಾಡಿದರು. ನನ್ನನ್ನು ಕೇಳಿದರೆ ಆ ಗಂಡಂದಿರು ಪ್ರಾಮಾಣಿಕರು. ಉಳಿದ ಕಡೆ ಹೆಂಡತಿ ಪ್ರಮಾಣವಚನ ತೆಗೆದುಕೊಂಡು ಮನೆಗೆ ಹೋಗುವವರೆಗಾದರೂ ಕಾಯುತ್ತಾರೆ, ಇವರು ಆ ನಾಟಕವನ್ನೂ ಮಾಡಲಿಲ್ಲ.

ನಮ್ಮ ಮಹಾರಾಷ್ಟ್ರ ಇನ್ನೂ ಮುಂದೆ. ಇಲ್ಲಿ ಹೆಂಗಸರ ಕುರ್ಚಿ ಸಾಲದು ಅಂತ ಹೆಂಗಸರ ಖಾತೆಗೂ ಗಂಡಸರು ನುಗ್ಗಿದ್ದಾರೆ. 2024ರ ವಿಧಾನಸಭಾ ಚುನಾವಣೆಗೆ ಮೊದಲು ಲಾಡಕಿ ಬಹಿಣ್, ಅಂದರೆ ಪ್ರೀತಿಯ ತಂಗಿ, ಯೋಜನೆ ಬಂತಲ್ಲ, ಬಡ ಮನೆಯ ಹೆಂಗಸರಿಗೆ ತಿಂಗಳಿಗೆ 1,500 ರೂಪಾಯಿ, ಮರುವರ್ಷ ಪರಿಶೀಲನೆ ಮಾಡಿದರೆ 14 ಸಾವಿರಕ್ಕೂ ಜಾಸ್ತಿ ಗಂಡಸರು ಪ್ರೀತಿಯ ತಂಗಿಯರಾಗಿ ದುಡ್ಡು ತೆಗೆದುಕೊಂಡಿದ್ದರು. ಸೀರೆ ಉಡುವುದು ಬೇಡ, ಹೆರುವುದು ಬೇಡ, ಏಳೂ ಹದಿಮೂರರ ವಿರಾರ್ ಲೋಕಲಿನ ಲೇಡೀಸ್ ಡಬ್ಬಿಯಲ್ಲಿ ಜಡೆ ಎಳೆಸಿಕೊಳ್ಳುವುದೂ ಬೇಡ. ಫಾರ್ಮ್ ತುಂಬಿದರೆ ಸಾಕು, ತಂಗಿ!

ನಮ್ಮವರು ಇದನ್ನೆಲ್ಲ ನೋಡಿ ನಗುತ್ತಾರೆ. "ಘಟ್ಟದ ಆಚೆಯವರು, ಉತ್ತರದವರು ಹೀಗೇ. ನಮ್ಮದು ಅಳಿಯಕಟ್ಟು, ನಮ್ಮಲ್ಲಿ ಹೆಣ್ಣಿಗೇ ಸ್ಥಾನ" ಅಂತ ತುಳುನಾಡಿನ ಹಿರಿಯರು ಮುಂಬಯಿಯ ಪ್ರತಿ ವೇದಿಕೆಯಲ್ಲೂ ಹೇಳುತ್ತಾರೆ. ವೇದಿಕೆಯ ಮೇಲೆ ಎಣಿಸಿ ನೋಡಿ. ಹನ್ನೊಂದು ಕುರ್ಚಿ, ಹನ್ನೊಂದು ಸಫಾರಿ. ಅಳಿಯಕಟ್ಟಿನಲ್ಲೂ ವಂಶ ಹೆಣ್ಣಿನಿಂದ, ಬೀಗದ ಕೈ ಹೆಚ್ಚಿನ ಮನೆಗಳಲ್ಲಿ ಸೋದರಮಾವನ ಸೊಂಟದಲ್ಲಿ. ಆ ಸಂಪ್ರದಾಯವನ್ನು ನಮ್ಮ ಸಂಘಗಳು ಚೆನ್ನಾಗಿ ಕಾಪಾಡಿಕೊಂಡು ಬಂದಿವೆ. ಮಹಿಳಾ ವಿಭಾಗ ಅಂತ ಒಂದಿದೆ. ಅದಕ್ಕೊಬ್ಬರು ಕಾರ್ಯಾಧ್ಯಕ್ಷೆ. ಮಾರ್ಚ್ 8ರ ಕಾರ್ಯಕ್ರಮವೂ ಅವರದೇ. ಉದ್ಘಾಟನೆ ಉದ್ಯಮಿಗಳು, ಅಧ್ಯಕ್ಷತೆ ಸಂಘದ ಅಧ್ಯಕ್ಷರು, 'ಮಹಿಳಾ ಸಬಲೀಕರಣ' ಕುರಿತು ಉಪನ್ಯಾಸ ಹೋಟೆಲ್ ಮಾಲಕರು. ಹೆಂಗಸರಿಗೆ ಪ್ರಾರ್ಥನೆ, ಸ್ವಾಗತ ನೃತ್ಯ, ತಟ್ಟೆ ಹಿಡಿಯುವುದು, ರಂಗೋಲಿ ಸ್ಪರ್ಧೆ ಮತ್ತು ಊಟ ಬಡಿಸುವುದು. ಉಪನ್ಯಾಸದ ಸಾರ: ಹೆಣ್ಣು ಸಹನಾಮೂರ್ತಿ. ಮುಕ್ಕಾಲು ಗಂಟೆ ಅದನ್ನೇ ಕೇಳಿಸಿಕೊಂಡು ಕೂತಿದ್ದಾರಲ್ಲ, ಸಾಕ್ಷಿ ಬೇರೆ ಬೇಕೇ?

ಪತ್ರಿಕೆ, ಟಿವಿಯವರನ್ನು ಬಿಟ್ಟರೆ ಅವರಿಗೆ ಬೇಜಾರಾಗುತ್ತದೆ. ನವರಾತ್ರಿಯ ಒಂಬತ್ತು ದಿನ ಇಲ್ಲಿಯ ಪತ್ರಿಕೆಗಳಲ್ಲಿ ಹೆಂಗಸರೇ ಹೆಂಗಸರು. ಬ್ಯಾಂಕಿನವರು, ಆಸ್ಪತ್ರೆಯವರು, ಪೊಲೀಸ್ ಠಾಣೆಯವರು, ಎಲ್ಲರೂ ಆ ದಿನದ ಬಣ್ಣದ ಸೀರೆ ಉಟ್ಟು ಸಾಲಾಗಿ ನಿಂತ ಫೋಟೋ. ಚೆನ್ನಾಗಿರುತ್ತದೆ, ಉಡುವವರಿಗೂ ಖುಷಿ, ಅದಕ್ಕೆ ನನ್ನ ತಕರಾರಿಲ್ಲ. ಉಳಿದ ಮುನ್ನೂರೈವತ್ತು ಚಿಲ್ಲರೆ ದಿನ ಆ ಬ್ಯಾಂಕಿನವರು ಸಾಲ ವಸೂಲಿ ಮಾಡಿದ್ದು, ಆ ನರ್ಸ್ ನೈಟ್ ಶಿಫ್ಟ್ ಮಾಡಿದ್ದು ಸುದ್ದಿಯಲ್ಲ, ಯಾಕೆಂದರೆ ಮ್ಯಾಚಿಂಗ್ ಇರಲಿಲ್ಲ. ಅಕ್ಕ ಗೆದ್ದ ದಿನ ಮೈಕ್ ಹಿಡಿದವರು ಕೇಳಿದ್ದು ಎರಡೇ ಪ್ರಶ್ನೆ. ಅಕ್ಕನಿಗೆ, "ಮನೆ ಮತ್ತು ರಾಜಕೀಯ ಎರಡನ್ನೂ ಹೇಗೆ ನಿಭಾಯಿಸುತ್ತೀರಿ?" ಭಾವನಿಗೆ, "ವಾರ್ಡಿಗೆ ನಿಮ್ಮ ಮುಂದಿನ ಯೋಜನೆ ಏನು?"

ನ್ಯಾಯವಾಗಿ ಹೇಳಬೇಕೆಂದರೆ ಪಾಲಿಕೆ ಹೆಂಗಸರಿಗಾಗಿ ಏನೂ ಮಾಡಿಲ್ಲ ಅಂತಲ್ಲ. 2020ರ ಆಗಸ್ಟ್‌ನಲ್ಲಿ ದಾದರ್ ಕಡೆಯ ಸಿಗ್ನಲ್‌ಗಳಲ್ಲಿ ರಸ್ತೆ ದಾಟುವ ಗಂಡಸಿನ ಚಿತ್ರ ತೆಗೆದು ಫ್ರಾಕು ಹಾಕಿದ ಹೆಂಗಸಿನ ಚಿತ್ರ ಹಾಕಿತು. ಕೆಂಪು ಹೆಂಗಸು, ಹಸಿರು ಹೆಂಗಸು. ದೇಶದಲ್ಲೇ ಮೊದಲು ಅಂತ ಬೀಗಿದ್ದೂ ಆಯಿತು. ಪಾಲಿಕೆಗೆ ಸಂಬಂಧಪಟ್ಟ ಜಾಗದಲ್ಲಿ ಗಂಡನಿಲ್ಲದೆ ಒಬ್ಬಳೇ ನಿಂತ ಹೆಂಗಸು ಅವಳೊಬ್ಬಳೇ ಇರಬೇಕು. ಆದರೆ ಆ ಸಿಗ್ನಲ್ ದಾಟಿದ ನಿಜವಾದ ಹೆಂಗಸಿಗೆ ಶೌಚಾಲಯ ಬೇಕಾದರೆ? ನಡೆಯಿರಿ. ಇನ್ನೂ ನಡೆಯಿರಿ. ಗಂಡಸರಿಗೆ ಮೂತ್ರಿ ಪುಕ್ಕಟೆ, ಅದೇ ಕೆಲಸಕ್ಕೆ ಹೆಂಗಸರಿಂದ ಚಿಲ್ಲರೆ ವಸೂಲಿ ಯಾಕೆ ಅಂತ 2011ರಲ್ಲಿ ಇಲ್ಲಿಯ ಹೆಂಗಸರು 'ರೈಟ್ ಟು ಪೀ' ಚಳವಳಿಯನ್ನೇ ಶುರು ಮಾಡಬೇಕಾಯಿತು. ಮನೆಯಿಂದ ಹೊರಡುವ ಮುಂಚೆ ನೀರು ಕುಡಿಯಬೇಕೋ ಬೇಡವೋ ಅಂತ ಲೆಕ್ಕ ಹಾಕುವ ಕಷ್ಟ ಅಕ್ಕನಿಗೆ ಗೊತ್ತು. ಭಾವನಿಗೆ ಯಾಕೆ ಗೊತ್ತಾಗಬೇಕು, ಅವನಿಗೆ ಗೋಡೆ ಇದೆ.

ನಾವು ನಾಲ್ಕು ಹೆಂಗಸರು ಸೇರಿ ಇದೇ ಅರ್ಜಿ ಹಿಡಿದು ಒಂದು ನಗರಸೇವಕಿಯ ಕಚೇರಿಗೆ ಹೋಗಿದ್ದೆವು. ಬೋರ್ಡಿನಲ್ಲಿ ಅಕ್ಕ, ಕುರ್ಚಿಯಲ್ಲಿ ಭಾವ.

"ಅಕ್ಕ ಇಲ್ಲವಾ?"

"ನನ್ನ ಹತ್ತಿರ ಹೇಳಿ, ನಾನೂ ಅವಳೂ ಬೇರೆ ಬೇರೆಯಾ?"

"ಇದು ಹೆಂಗಸರ ವಿಷಯ ಅಣ್ಣಾ."

"ಇದು ಮಹಿಳಾ ವಾರ್ಡ್ ಅಮ್ಮಾ, ಬೆಳಗಿನಿಂದ ಹೆಂಗಸರ ವಿಷಯವೇ ನೋಡುತ್ತಿದ್ದೇನೆ!"

ಒಳ್ಳೆಯ ಮನುಷ್ಯ. ಚಹಾ ತರಿಸಿದ. ಅರ್ಜಿಯ ಮೇಲೆ ಶಿಫಾರಸು ಬರೆದು, ಕೆಳಗೆ ಅಕ್ಕನ ಸಹಿಯನ್ನೂ ತಾನೇ ಹಾಕಿದ. ಬ್ಯಾಂಕಿನವರೂ ಈಗ ಇದೇ ಸಹಿ ಕೇಳುತ್ತಾರಂತೆ. ಅಕ್ಕ ಹಾಕಿದ ಸಹಿ ಹೊಂದುವುದಿಲ್ಲ ಅಂತ ಚೆಕ್ ವಾಪಸ್ ಬಂದಿತ್ತಂತೆ.