ಗೋಲ್‌ಕೀಪರ್ ಪಕ್ಕಕ್ಕೆ ಪಾಸ್ ಕೊಡಬೇಕಾ, ಮುಂದಕ್ಕೆ ಒದೆಯಬೇಕಾ? ಬಿಎಫ್‌ಸಿ ಆಟದ ಪರ-ವಿರೋಧ

ಬೆಳಗಾವಿಯಿಂದ ಬೆಂಗಳೂರಿನ ಕಂಠೀರವ ಕ್ರೀಡಾಂಗಣಕ್ಕೆ ಹತ್ತಿರ ಹತ್ತಿರ ಐನೂರು ಕಿಲೋಮೀಟರ್. ಎಫ್‌ಸಿ ಗೋವಾ ಆಡುವ ಫಾತೋರ್ಡಾ ಕ್ರೀಡಾಂಗಣ ಅದರ ಮೂರನೇ ಒಂದು ಭಾಗವೂ ದೂರವಿಲ್ಲ. ಹಾಗಾಗಿ ಈ ಊರಲ್ಲಿ ಎಫ್‌ಸಿ ಗೋವಾ ಅಭಿಮಾನಿಗಳು ಜಾಸ್ತಿ. ಇಲ್ಲಿ ಬರೆದಿರುವ ಇಬ್ಬರೂ ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಕಡೆಯವರು. ಒಬ್ಬರು ತಿಲಕವಾಡಿಯಲ್ಲಿ ಶಾಲೆ ಮಕ್ಕಳಿಗೆ ಫುಟ್‌ಬಾಲ್ ಕಲಿಸುತ್ತಾರೆ. ಇನ್ನೊಬ್ಬರು ಕ್ಯಾಂಪಿನವರು, ವಯಸ್ಸಿನಲ್ಲಿ ಹಿರಿಯರು, ವರ್ಷಗಟ್ಟಲೆ ಡಿಫೆನ್ಸಿನಲ್ಲಿ ಆಡಿದವರು. ಪ್ರಶ್ನೆ ಒಂದೇ: ನಮ್ಮ ತಂಡ ತನ್ನ ಗೋಲಿನ ಮುಂದಿನಿಂದಲೇ ಚಿಕ್ಕ ಪಾಸ್‌ಗಳಲ್ಲಿ ಆಟ ಕಟ್ಟಬೇಕಾ?

ಪರ: ಚೆಂಡು ನಮ್ಮ ಕಾಲಲ್ಲೇ ಇರಲಿ

ಚಿಕ್ಕ ಪಾಸೇ ಕೊಡಬೇಕು. ಅದರಿಂದ ಗೋಲು ತಿಂದ ಮರುದಿನವೂ ನಾನು ಇದನ್ನೇ ಹೇಳುತ್ತೇನೆ.

ಮೊದಲು ತಲೆ ಎಣಿಸಿ ನೋಡಿ. ಎದುರಾಳಿ ಗೋಲ್‌ಕೀಪರ್ ತನ್ನ ಗೋಲು ಬಿಟ್ಟು ನಮ್ಮ ಬಾಕ್ಸಿನ (ಗೋಲಿನ ಮುಂದಿನ ಚೌಕದ) ತನಕ ಓಡಿಬಂದು ಪ್ರೆಸ್ ಮಾಡುವುದಿಲ್ಲ, ಅಂದರೆ ಚೆಂಡು ಕಸಿಯಲು ಮೈಮೇಲೆ ಬರುವುದಿಲ್ಲ. ಅಂದರೆ ನಾವು ಹನ್ನೊಂದು, ಅವರು ಹತ್ತು. ನಮ್ಮ ಗೋಲ್‌ಕೀಪರ್ ಕೂಡ ಪಾಸ್ ಆಡಿದರೆ ಎಲ್ಲೋ ಒಂದು ಕಡೆ ನಮ್ಮವನೊಬ್ಬ ಖಾಲಿ ನಿಂತಿರಲೇಬೇಕು, ಅವನನ್ನು ಹುಡುಕುವುದೇ ಈ ಆಟ. ಗೋಲ್‌ಕೀಪರ್ ಕಣ್ಣು ಮುಚ್ಚಿ ಒದ್ದ ಕೂಡಲೇ ಆ ಒಬ್ಬ ಹೆಚ್ಚಿನ ಆಟಗಾರನನ್ನು ನಾವೇ ಕಳೆದುಕೊಂಡ ಹಾಗೆ. ಆಮೇಲೆ ಅರ್ಧ ಮೈದಾನದ ಆಚೆ ನಮ್ಮ ಇಬ್ಬರು ಅವರ ನಾಲ್ವರ ಮಧ್ಯೆ ಜಿಗಿಯಬೇಕು.

2019ರಲ್ಲಿ ಗೋಲ್ ಕಿಕ್ ನಿಯಮವೇ ಬದಲಾಯಿತು. ಅದಕ್ಕೂ ಮುಂಚೆ ಚೆಂಡು ಬಾಕ್ಸ್ ದಾಟಿದ ಮೇಲಷ್ಟೇ ಇನ್ನೊಬ್ಬ ಮುಟ್ಟಬಹುದಿತ್ತು. ಈಗ ಒದ್ದು ಚೆಂಡು ಅಲುಗಾಡಿದರೆ ಸಾಕು, ನಮ್ಮ ಸೆಂಟರ್ ಬ್ಯಾಕ್ ಬಾಕ್ಸಿನ ಒಳಗೇ ನಿಂತು ತೆಗೆದುಕೊಳ್ಳಬಹುದು. ಎದುರಾಳಿ ಮಾತ್ರ ಕಿಕ್ ಆಗುವವರೆಗೆ ಬಾಕ್ಸಿನ ಹೊರಗೆ ಕಾಯಬೇಕು. ನಿಯಮವೇ ಇಷ್ಟು ಜಾಗ, ಇಷ್ಟು ಹೊತ್ತು ಕೊಟ್ಟಿರುವಾಗ ನಾವು ಬೇಡ ಅನ್ನುವುದು ಯಾಕೆ?

ಇನ್ನು ನಮ್ಮ ತಂಡದ ಇತಿಹಾಸ. ಆಲ್ಬರ್ಟ್ ರೋಕಾ 2016ರಲ್ಲಿ ಕೋಚ್ ಆಗಿ ಬಂದರು. ಬಾರ್ಸಿಲೋನಾದಲ್ಲಿ ಕೋಚ್ ರೈಕಾರ್ಡ್ ಕೈಕೆಳಗೆ ಕೆಲಸ ಮಾಡಿದವರು, ಚೆಂಡನ್ನು ಕಾಲಡಿ ಇಟ್ಟುಕೊಂಡು ಆಡುವುದನ್ನು ನಮ್ಮ ಹುಡುಗರಿಗೆ ಕಲಿಸಿದರು. ಅದೇ ವರ್ಷ ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಸೆಮಿಫೈನಲ್‌ನಲ್ಲಿ ಆಗಿನ ಹಾಲಿ ಚಾಂಪಿಯನ್, ಮಲೇಷ್ಯಾದ ಜೊಹೊರ್ ದಾರುಲ್ ತಾಜಿಮ್ ತಂಡವನ್ನು ಕಂಠೀರವದಲ್ಲಿ 3-1ರಿಂದ ಸೋಲಿಸಿದೆವು. ಭಾರತದ ಯಾವ ಕ್ಲಬ್ಬೂ ಅಲ್ಲಿವರೆಗೆ ಆ ಫೈನಲ್ ತಲುಪಿರಲಿಲ್ಲ. ದೋಹಾದಲ್ಲಿ ಇರಾಕಿನ ತಂಡದ ಎದುರು ಒಂದೇ ಗೋಲಿನಿಂದ ಸೋತೆವು, ನಿಜ, ಆದರೆ ಏಷ್ಯಾದ ತಂಡಗಳ ಎದುರು ತಲೆ ಎತ್ತಿ ಆಡಿದ್ದು ಚೆಂಡು ಒದ್ದು ಓಡಿ ಅಲ್ಲ. ಮುಂದೆ ಐಎಸ್‌ಎಲ್‌ಗೆ (ಇಂಡಿಯನ್ ಸೂಪರ್ ಲೀಗ್) ಬಂದ ಮೊದಲ ಸೀಸನ್, 2017-18. ಹದಿನೆಂಟು ಪಂದ್ಯದಲ್ಲಿ 40 ಅಂಕ, ಎರಡನೇ ಸ್ಥಾನದ ಚೆನ್ನೈಯಿನ್‌ಗಿಂತ ಎಂಟು ಜಾಸ್ತಿ. ಹೊಸದಾಗಿ ಬಂದ ತಂಡ ಲೀಗನ್ನು ಹಾಗೆ ಆಳಿದ್ದು ಯಾವ ಆಟದಿಂದ ಅಂತ ಆಗ ನೋಡಿದವರಿಗೆಲ್ಲ ಗೊತ್ತು.

ಆಟದ ದಾರಿ ತಪ್ಪಿದಾಗ ಏನಾಗುತ್ತದೆ ಅನ್ನುವುದಕ್ಕೆ 2023-24 ನೋಡಿ. ಹನ್ನೆರಡು ತಂಡಗಳಲ್ಲಿ ಹತ್ತನೇ ಸ್ಥಾನ. ಆ ಸೀಸನ್ನಿನ ಮಧ್ಯೆ, ಡಿಸೆಂಬರ್‌ನಲ್ಲಿ, ಜೆರಾರ್ಡ್ ಸರಗೋಸಾ ಕೋಚ್ ಆಗಿ ಬಂದರು. ತಕ್ಷಣ ಏನೂ ಸುಧಾರಿಸಲಿಲ್ಲ, ಅದನ್ನು ಒಪ್ಪಬೇಕು. ಆದರೆ ಮುಂದಿನ ಸೀಸನ್ ಶುರುವಾದಾಗ ಈಸ್ಟ್ ಬೆಂಗಾಲ್ ಮೇಲೆ 1-0, ಹೈದರಾಬಾದ್ ಮೇಲೆ 3-0, ಕಂಠೀರವದಲ್ಲಿ ಮೋಹನ್ ಬಗಾನ್ ಮೇಲೆ 3-0. ಮೊದಲ ಮೂರು ಪಂದ್ಯದಲ್ಲಿ ಒಂದು ಗೋಲೂ ತಿನ್ನಲಿಲ್ಲ. ಪೆದ್ರೊ ಕಾಪೊ, ನೊಗೇರಾ, ಸುರೇಶ್ ವಾಂಗ್ಜಮ್, ಆ ತಂಡದಲ್ಲಿದ್ದ ಇವರೆಲ್ಲ ಚೆಂಡು ಕಾಲಿಗೆ ಬಂದರೆ ಏನಾದರೂ ಮಾಡಬಲ್ಲವರಾಗಿದ್ದರು. ಅಂಥವರ ತಲೆ ಮೇಲೆ ಚೆಂಡು ಹಾರಿಸುವುದಾದರೆ ಅವರನ್ನು ಮೈದಾನದಲ್ಲಿ ಇಟ್ಟುಕೊಳ್ಳುವುದೇ ಯಾಕೆ?

ನನಗೆ ಹೊಟ್ಟೆ ಉರಿಯುವುದು ಬೇರೆ ವಿಷಯಕ್ಕೆ. 2024ರ ಡ್ಯುರಾಂಡ್ ಕಪ್ ಸೆಮಿಫೈನಲ್‌ನಲ್ಲಿ ಮೋಹನ್ ಬಗಾನ್ ಎದುರು 2-0 ಮುಂದಿದ್ದೆವು, ಪೆನಾಲ್ಟಿ ಶೂಟೌಟ್‌ನಲ್ಲಿ ಸೋತೆವು. 2025ರ ಏಪ್ರಿಲ್ 12ರಂದು ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲಿ ಅದೇ ಬಗಾನ್ ಎದುರು ಐಎಸ್‌ಎಲ್ ಫೈನಲ್. ಅಲ್ಲೂ ಮೊದಲು ಮುಂದೆ ಹೋದವರು ನಾವೇ. ಕಮಿಂಗ್ಸ್ ಪೆನಾಲ್ಟಿಯಿಂದ ಸಮ ಮಾಡಿದರು, ಹೆಚ್ಚುವರಿ ಸಮಯದಲ್ಲಿ ಮೆಕ್ಲಾರೆನ್ ಗೋಲು, 1-2. ಮುಂದೆ ಇದ್ದಾಗ ಚೆಂಡು ಇಟ್ಟುಕೊಂಡು ಆಡುವ ಧೈರ್ಯ ಬೇಕು. ನನಗೆ ಕಂಡ ಹಾಗೆ ಎರಡೂ ಸಲ ನಾವು ಚೆಂಡನ್ನು ಅವರಿಗೆ ಬಿಟ್ಟುಕೊಟ್ಟು ಹಿಂದೆ ಸರಿದೆವು. ಅವರ ಹತ್ತಿರ ಆಸ್ಟ್ರೇಲಿಯಾದ ಸ್ಟ್ರೈಕರ್‌ಗಳಿದ್ದರು. ಡಿಫೆನ್ಸಿನಲ್ಲಿ ಟಾಮ್ ಆಲ್ಡ್ರೆಡ್, ಆಲ್ಬರ್ಟೊ ಥರದ ಗಟ್ಟಿಗರು. ಅಂಥವರ ಎದುರು ಗಾಳಿಯಲ್ಲಿ ಕುಸ್ತಿ ಆಡಿ ಗೆಲ್ಲುತ್ತೇವೆ ಅನ್ನುವುದು ನನಗೆ ಅರ್ಥ ಆಗುವುದಿಲ್ಲ.

ಕ್ಯಾಂಪಿನ ಕಾಕಾ ಇದನ್ನು ಓದಿದರೆ ಏನು ಹೇಳುತ್ತಾರೆ ಅಂತ ಗೊತ್ತು. "ನಿಮ್ಮ ಪಾಸ್ ನೋಡಿ ನೋಡಿ ನನ್ನ ಎದಿ ಒಡದೈತಿ" ಅನ್ನುತ್ತಾರೆ. ಕಾಕಾ, ನಿಮ್ಮ ಕಾಲದ ಮೈದಾನ ಬೇರೆ. ಜೂನ್ ಬಂತೆಂದರೆ ನಮ್ಮ ಊರಿನ ಕೆಂಪು ಮಣ್ಣು ಕೆಸರಾಗುತ್ತದೆ, ಚೆಂಡು ಉರುಳುವುದೇ ಇಲ್ಲ. ಅಲ್ಲಿ ಎತ್ತಿ ಒದೆಯದೆ ಬೇರೆ ದಾರಿ ಇರಲಿಲ್ಲ. ಅದೇ ನಮ್ಮ ಕಣ್ಣಿಗೂ ರೂಢಿಯಾಗಿ, ಹತ್ತು ವರ್ಷದ ಹುಡುಗ ಹಿಂದಕ್ಕೆ ಪಾಸ್ ಕೊಟ್ಟರೆ ಸಾಕು, ಗೆರೆಯ ಹೊರಗಿನಿಂದ ಅಪ್ಪಂದಿರು "ಏ, ಮುಂದ ಹೊಡಿಯೋ!" ಅಂತ ಕೂಗುತ್ತಾರೆ. ಹುಡುಗ ಹೆದರಿ ಒದೆಯುತ್ತಾನೆ. ಆಮೇಲೆ ಅವನಿಗೆ ಚೆಂಡು ಬೇಕು ಅಂತಲೇ ಅನ್ನಿಸುವುದಿಲ್ಲ. ಬಿಎಫ್‌ಸಿ ಡಿಫೆಂಡರ್ ಟಿವಿಯಲ್ಲಿ ತಲೆ ಎತ್ತಿ, ಎದುರಿಗೆ ಓಡಿ ಬರುವವನನ್ನು ನೋಡಿಕೊಂಡು, ಅವನ ಪಕ್ಕದಿಂದ ಪಾಸ್ ತೆಗೆದಾಗ ನನ್ನ ಮಕ್ಕಳು ಮರುದಿನ ಅದನ್ನು ಮಾಡಿ ನೋಡುತ್ತಾರೆ. ಕಂಠೀರವದಲ್ಲಿ ಒಂದು ಪಾಸ್ ತಪ್ಪಿದ ಕೂಡಲೇ ಬೊಬ್ಬೆ ಹಾಕುವವರಿಗೆ ಇದನ್ನೇ ಕೇಳಿಕೊಳ್ಳುತ್ತೇನೆ: ಒಂದು ಸೀಸನ್ ಪೂರ್ತಿ ತಾಳ್ಮೆ ಕೊಡಿ. ಗೋಲ್‌ಕೀಪರ್‌ನಿಂದ ಹಿಡಿದು ಹದಿನೈದರ ವಯಸ್ಸಿನ ತಂಡದವರೆಗೆ ಒಂದೇ ಆಟ ಕಲಿಸಿ.

ವಿರೋಧ: ಚೆಂಡು ಮೊದಲು ನಮ್ಮ ಗೋಲಿನಿಂದ ದೂರ ಹೋಗಲಿ

ತಮ್ಮಾ, ನೀನು ಬರೆದದ್ದನ್ನು ಪೂರ್ತಿ ಓದಿದೆ. ಮಕ್ಕಳಿಗೆ ನೀನು ಕಲಿಸುವುದು ಸರಿ. ಹತ್ತು ವರ್ಷದ ಹುಡುಗ ಚೆಂಡಿಗೆ ಹೆದರಬಾರದು, ಅದರಲ್ಲಿ ನಿನ್ನ ಜೊತೆ ಜಗಳ ಇಲ್ಲ. ಆದರೆ ಕಪ್ ಗೆಲ್ಲಲು ಹೊರಟ ತಂಡದ ಮಾತು ಬೇರೆ.

ಡಿಫೆನ್ಸಿನಲ್ಲಿ ನಿಂತವನಿಗೆ ಒಂದು ಸತ್ಯ ಬೇಗ ಗೊತ್ತಾಗುತ್ತದೆ. ಎದುರಾಳಿ ಬಾಕ್ಸಿನ ಹತ್ತಿರ ಚೆಂಡು ಕಳೆದುಕೊಂಡರೆ ಎದ್ದು ಹಿಂದೆ ಓಡಲು ಅರವತ್ತು ಮೀಟರ್ ಇರುತ್ತದೆ. ನಮ್ಮ ಬಾಕ್ಸಿನ ಹತ್ತಿರ ಕಳೆದುಕೊಂಡರೆ ಹಿಂದೆ ನೋಡುವಷ್ಟರಲ್ಲಿ ಗೋಲು. ಹತ್ತು ಸಲ ಚೆನ್ನಾಗಿ ಪಾಸ್ ಮಾಡಿ ಹೊರಗೆ ಬಂದರೆ ನಮಗೆ ಸಿಗುವುದು ಅರ್ಧ ಮೈದಾನದಲ್ಲಿ ಚೆಂಡು, ಅಷ್ಟೇ. ಹನ್ನೊಂದನೇ ಸಲ ತಪ್ಪಿದರೆ ಪಂದ್ಯವೇ ಹೋಯಿತು. ಈ ವ್ಯಾಪಾರ ನನಗೆ ಒಪ್ಪಿಗೆ ಇಲ್ಲ.

ಹನ್ನೊಂದಕ್ಕೆ ಹತ್ತು ಅಂದೆಯಲ್ಲ, ಆ ಹನ್ನೊಂದನೆಯವನು ಯಾರು? ಗೋಲ್‌ಕೀಪರ್. ಗುರ್‌ಪ್ರೀತ್ ಸಿಂಗ್ ಸಂಧು 2017ರಿಂದ ನಮ್ಮ ಗೋಲು ಕಾದವರು. ನಾರ್ವೆಯ ಸ್ಟಾಬೆಕ್ ಪರವಾಗಿ ಯುರೋಪಾ ಲೀಗ್‌ನಲ್ಲಿ ಆಡಿದ ಮೊದಲ ಭಾರತೀಯ. ಆ ಎತ್ತರ, ಆ ಕೈ, ಹತ್ತಿರದಿಂದ ಬಂದ ಹೊಡೆತ ತಡೆಯುವ ರೀತಿ, ನಮ್ಮ ದೇಶದಲ್ಲಿ ಇಂಥ ಗೋಲ್‌ಕೀಪರ್ ಸಿಗುವುದು ಕಷ್ಟ. ಅಂಥವರಿಗೆ ಎದುರಾಳಿ ಸ್ಟ್ರೈಕರ್ ಮೈಮೇಲೆ ಬರುತ್ತಿರುವಾಗ ಎಡಗಾಲಲ್ಲಿ ಪಾಸ್ ಹುಡುಕುವ ಕೆಲಸ ಯಾಕೆ ಕೊಡಬೇಕು? ಅವರು ಮಾಡಲಾರರು ಅಂತ ನಾನು ಹೇಳುತ್ತಿಲ್ಲ. ಅವರ ದೊಡ್ಡ ಗುಣ ಅದಲ್ಲ, ಅಷ್ಟೇ.

ನಿಯಮದ ಮಾತು ತೆಗೆದೆ. ನಾನೂ ನಿಯಮ ಹೇಳುತ್ತೇನೆ. ಗೋಲ್ ಕಿಕ್‌ನಿಂದ ನೇರವಾಗಿ ಬಂದ ಚೆಂಡಿಗೆ ಆಫ್‌ಸೈಡ್ ಇಲ್ಲ. ನಮ್ಮ ಸ್ಟ್ರೈಕರ್ ಅವರ ಕೊನೆಯ ಡಿಫೆಂಡರ್ ಹಿಂದೆ ಹೋಗಿ ನಿಂತರೂ ಲೈನ್ಸ್‌ಮನ್ ಬಾವುಟ ಎತ್ತುವ ಹಾಗಿಲ್ಲ. ಅವರ ಸೆಂಟರ್ ಬ್ಯಾಕ್‌ಗಳು ಅವನ ಜೊತೆ ಹಿಂದೆ ಹೋಗಬೇಕು, ಅವರ ಮಿಡ್‌ಫೀಲ್ಡ್ ಮುಂದೆ ಪ್ರೆಸ್‌ಗೆ ನಿಂತಿರುತ್ತದೆ, ಮಧ್ಯೆ ದೊಡ್ಡ ಖಾಲಿ ಜಾಗ. ಆ ಜಾಗಕ್ಕೆ ಉದ್ದದ ಚೆಂಡು ಬಿದ್ದಾಗ ನಮ್ಮ ಸುರೇಶ್ ಥರದ ಓಡುವ ಹುಡುಗರು ಮೂವರು ಅಲ್ಲಿ ಕಾಯುತ್ತಿದ್ದರೆ ಸೆಕೆಂಡ್ ಬಾಲ್, ಅಂದರೆ ಜಿಗಿದವರ ತಲೆ ತಾಗಿ ಕೆಳಗೆ ಬಿದ್ದ ಚೆಂಡು, ನಮ್ಮದು. ನಾನು ಹೇಳುವುದು ಸುಮ್ನೆ ಕಣ್ಣು ಮುಚ್ಚಿ ಒದೆಯುವುದಲ್ಲ. ಎಲ್ಲಿ ಬೀಳಬೇಕು, ಯಾರು ಜಿಗಿಯಬೇಕು, ಯಾರು ಕೆಳಗೆ ಬಿದ್ದದ್ದನ್ನು ಎತ್ತಬೇಕು, ಎಲ್ಲ ವಾರವಿಡೀ ಅಭ್ಯಾಸ ಮಾಡಿದ ಒದೆತ. 2025ರ ಜುಲೈನಿಂದ ಇನ್ನೊಂದು ನಿಯಮ ಬಂದಿದೆ, ಗೋಲ್‌ಕೀಪರ್ ಚೆಂಡನ್ನು ಕೈಯಲ್ಲಿ ಎಂಟು ಸೆಕೆಂಡ್‌ಗಿಂತ ಹೆಚ್ಚು ಇಟ್ಟುಕೊಂಡರೆ ಎದುರಾಳಿಗೆ ಕಾರ್ನರ್. ಯಾರೂ ಖಾಲಿ ಇಲ್ಲ ಅಂತ ಅತ್ತ ಇತ್ತ ನೋಡುತ್ತಾ ನಿಲ್ಲುವ ಕಾಲ ಮುಗಿಯಿತು.

ಇತಿಹಾಸಕ್ಕೆ ಬಾ. ನೀನು ರೋಕಾ ಕಾಲದಿಂದ ಶುರು ಮಾಡಿದೆ. ಅದಕ್ಕೂ ಮುಂಚೆ ಕೋಚ್ ಆಗಿ ಆ್ಯಶ್ಲಿ ವೆಸ್ಟ್‌ವುಡ್ ಇದ್ದರು. 2013ರಲ್ಲಿ ಹುಟ್ಟಿದ ಕ್ಲಬ್ಬು ಮೊದಲ ಸೀಸನ್‌ನಲ್ಲೇ ಆಗಿನ ದೇಶದ ದೊಡ್ಡ ಲೀಗ್ ಐ-ಲೀಗ್ ಗೆದ್ದಿತು, 2015-16ರಲ್ಲಿ ಮತ್ತೊಮ್ಮೆ. ಅವರ ಹುಡುಗರು ತೊಂಬತ್ತನೇ ನಿಮಿಷದಲ್ಲೂ ಎದುರಾಳಿಗಿಂತ ಜಾಸ್ತಿ ಓಡುತ್ತಿದ್ದರು, ನೇರವಾಗಿ ಆಡುತ್ತಿದ್ದರು. 2017-18ರ 40 ಅಂಕ ನಿಜ. ಫೈನಲ್ ಏನಾಯಿತು? ನಮ್ಮದೇ ಕಂಠೀರವದಲ್ಲಿ ಛೆಟ್ರಿ ಒಂಬತ್ತನೇ ನಿಮಿಷದಲ್ಲೇ ಗೋಲು ಹೊಡೆದರು. ಆಮೇಲೆ ಚೆನ್ನೈಯಿನ್‌ನ ಮೈಲ್ಸನ್ ಆಲ್ವೆಸ್ ಎರಡು ಕಾರ್ನರ್, ಎರಡು ಹೆಡರ್. 2-3ರಿಂದ ಸೋತೆವು. ಸೀಸನ್ ಪೂರ್ತಿ ಪಾಸ್ ಆಡಿದವರು ಎರಡು ಕಾರ್ನರ್‌ನಲ್ಲಿ ಕಪ್ ಬಿಟ್ಟುಕೊಟ್ಟೆವು.

ಮರುವರ್ಷ ಕೋಚ್ ಕಾರ್ಲೆಸ್ ಕ್ವಾದ್ರಾತ್. ರೋಕಾ ಅವರ ಸಹಾಯಕರಾಗಿದ್ದವರು, ಅದೇ ಬಾರ್ಸಿಲೋನಾ ಪಾಠ ಕಲಿತವರು. ಆದರೆ ಅವರು ಕಾರ್ನರ್, ಫ್ರೀ ಕಿಕ್‌ಗಳ ಮೇಲೆ ಬಹಳ ಕೆಲಸ ಮಾಡಿದರು. ಮುಂಬೈಯಲ್ಲಿ ಎಫ್‌ಸಿ ಗೋವಾ ಎದುರು ಫೈನಲ್, 117ನೇ ನಿಮಿಷ, ದಿಮಾಸ್ ಡೆಲ್ಗಾಡೊ ಕಾರ್ನರ್, ರಾಹುಲ್ ಭೆಕೆ ಹೆಡರ್. ನಮ್ಮ ಒಂದೇ ಒಂದು ಐಎಸ್‌ಎಲ್ ಕಪ್ ಬಂದದ್ದು ಆ ತಲೆಯಿಂದ. ಎಫ್‌ಸಿ ಗೋವಾ ಅವತ್ತಿನ ಲೀಗಿನ ಅತಿ ಚಂದದ ಪಾಸಿಂಗ್ ತಂಡ, ಅದನ್ನು ಈ ಊರಿನ ಗೋವಾ ಅಭಿಮಾನಿಗಳು ಇವತ್ತಿಗೂ ನೆನಪಿಸುತ್ತಾರೆ. ಕಪ್ ಮಾತ್ರ ನಮ್ಮ ಕಡೆ ಇದೆ.

2022-23 ಕೂಡ ಮರೆಯಬೇಡ. ಸೈಮನ್ ಗ್ರೇಸನ್ ತಂಡ ಮೊದಲರ್ಧದಲ್ಲಿ ತೆವಳುತ್ತಿತ್ತು. ಆಮೇಲೆ ಹಿಂದೆ ಮೂವರು, ಮುಂದೆ ರಾಯ್ ಕೃಷ್ಣ ಮತ್ತು ಶಿವಶಕ್ತಿಯ ಓಟ, ಲೀಗ್ ಮುಗಿಯುವಾಗ ಸತತ ಎಂಟು ಗೆಲುವು. ಆ ಹುಡುಗ ಶಿವಶಕ್ತಿ ಡಿಫೆಂಡರ್ ಹಿಂದಿನ ಜಾಗಕ್ಕೆ ಓಡುವುದನ್ನು ನೋಡಲಿಕ್ಕೆ ಎಷ್ಟು ಚೆಂದ ಇತ್ತು! ಚೆಂಡು ಬೇಗ ಮುಂದೆ ಬಂದರಷ್ಟೇ ಅವನು ಓಡಬಹುದು. ಹಿಂದೆ ಏಳು ಪಾಸ್ ಆಗುವಷ್ಟರಲ್ಲಿ ಎದುರಾಳಿ ಡಿಫೆನ್ಸ್ ಜಾಗಕ್ಕೆ ಬಂದು ನಿಂತಿರುತ್ತದೆ. ಮುಂದಿನ ವರ್ಷ ಅದೇ ಕೋಚ್ ಕೈಯಲ್ಲಿ ತಂಡ ಕುಸಿಯಿತು ಅಂತ ನೀನು ಹೇಳಬಹುದು. ಆ ವೇಳೆಗೆ ರಾಯ್ ಕೃಷ್ಣ ತಂಡ ಬಿಟ್ಟಿದ್ದರು. ಓಡುವವರನ್ನು ಕಳೆದುಕೊಂಡ ಮೇಲೆ ಒದೆದು ಏನು ಪ್ರಯೋಜನ? ಅದು ಆಟಗಾರರನ್ನು ಆರಿಸಿದ್ದರ ತಪ್ಪು.

ನೀನು ಸಾಲ್ಟ್ ಲೇಕ್ ಫೈನಲ್ ಹೇಳಿದೆ. ಅದಕ್ಕೆ ಆರು ದಿನ ಮುಂಚೆ, ಏಪ್ರಿಲ್ 6ಕ್ಕೆ, ಫಾತೋರ್ಡಾದಲ್ಲಿ ಏನಾಯಿತು? ಎರಡು ಪಂದ್ಯದ ಸೆಮಿಫೈನಲ್, ಮೊದಲ ಪಂದ್ಯ 2-0 ಗೆದ್ದು ಹೋಗಿದ್ದೆವು. ಗೋವಾ ಎರಡು ಗೋಲು ಹೊಡೆದು ಲೆಕ್ಕ ಸಮ ಮಾಡಿತು, ಎರಡನೆಯದು 88ನೇ ನಿಮಿಷದಲ್ಲಿ. ಗೋವಾದ ಜನ ಕುಣಿಯುತ್ತಿದ್ದರು. ಇಂಜುರಿ ಟೈಮ್‌ನಲ್ಲಿ ಬಾಕ್ಸಿಗೆ ಕ್ರಾಸ್ ಬಂತು, ನಲವತ್ತು ದಾಟಿದ ಛೆಟ್ರಿ ತಲೆ ಕೊಟ್ಟರು, ನಾವು ಫೈನಲ್‌ಗೆ. ಅವರೇನೂ ಎತ್ತರದ ಆಳಲ್ಲ. ಯಾವಾಗ ಜಿಗಿಯಬೇಕು, ಎಲ್ಲಿ ನಿಲ್ಲಬೇಕು ಅನ್ನುವುದು ಗೊತ್ತಿದ್ದರೆ ಎತ್ತರ ಬೇಕಿಲ್ಲ. ಫೈನಲ್‌ನಲ್ಲಿ ನಮಗೆ ಸಿಕ್ಕ ಒಂದು ಗೋಲು ಕೂಡ ಬಾಕ್ಸಿಗೆ ಹಾಕಿದ ಚೆಂಡಿನಿಂದಲೇ, ತಡೆಯಲು ಹೋದ ಆಲ್ಬರ್ಟೊ ತಮ್ಮದೇ ಗೋಲಿಗೆ ತಳ್ಳಿದರು. ನೀನು ಗಟ್ಟಿಗರು ಅಂದ ಅದೇ ಆಲ್ಬರ್ಟೊ. ಎಷ್ಟೇ ಗಟ್ಟಿಗನಾಗಿರಲಿ, ತನ್ನ ಗೋಲಿನ ಕಡೆ ಮುಖ ಮಾಡಿ ಓಡುತ್ತಾ ಕ್ರಾಸ್ ತಡೆಯುವುದು ಡಿಫೆಂಡರ್‌ಗೆ ಎಲ್ಲಕ್ಕಿಂತ ಕಷ್ಟದ ಕೆಲಸ. ಅಲ್ಲಿ ನಿಂತು ಆಡಿದವನಾಗಿ ಹೇಳುತ್ತೇನೆ, ನನ್ನ ಮುಂದೆ ಯಾರಾದರೂ ಪಕ್ಕಕ್ಕೆ ಪಕ್ಕಕ್ಕೆ ಪಾಸ್ ಮಾಡುತ್ತಿದ್ದರೆ ನನಗೆ ಉಸಿರಾಡಲು ಹೊತ್ತು ಸಿಗುತ್ತಿತ್ತು. ತಲೆ ಮೇಲಿಂದ ಚೆಂಡು ಹಿಂದೆ ಬಿದ್ದರೆ ಮೈಯೆಲ್ಲಾ ನಡುಗುತ್ತಿತ್ತು.

ಮುಂದೆ ಇದ್ದಾಗ ಚೆಂಡು ಇಟ್ಟುಕೊಳ್ಳಬೇಕು ಅನ್ನುವ ಮಾತು ಒಪ್ಪುತ್ತೇನೆ. ಅದನ್ನು ಅವರ ಅರ್ಧದಲ್ಲಿ ಇಟ್ಟುಕೊಳ್ಳಲಿ, ಮೂಲೆಯ ಬಾವುಟದ ಹತ್ತಿರ ಥ್ರೋ-ಇನ್ ಗಳಿಸಿಕೊಂಡು ಅಲ್ಲಿಂದ ಆಡಲಿ. ಕೋಚ್ ಯಾರೇ ಇರಲಿ, ನನ್ನ ಬೇಡಿಕೆ ಇಷ್ಟೇ: ಮೊದಲ ಹದಿನೈದು ನಿಮಿಷ ಮತ್ತು ಕೊನೆಯ ಇಪ್ಪತ್ತು ನಿಮಿಷ ನಮ್ಮ ಬಾಕ್ಸಿನ ಒಳಗೆ ಒಂದೂ ಪಾಸ್ ಬೇಡ. ಓಡುವ ಇಬ್ಬರು ಸ್ಟ್ರೈಕರ್‌ಗಳನ್ನು ತನ್ನಿ. ರೋಶನ್ ಸಿಂಗ್ ಎಡಗಡೆಯಿಂದ ಹಾಕುವ ಕ್ರಾಸ್‌ಗೆ ಬಾಕ್ಸಿನಲ್ಲಿ ನಾಲ್ವರು ಇರಲಿ. ಮುಂದಿನ ಸಲ ನಮ್ಮವರು ಫಾತೋರ್ಡಾಕ್ಕೆ ಬಂದಾಗ ಗಾಡಿ ನಾನು ತರುತ್ತೇನೆ ತಮ್ಮಾ, ಚೋರ್ಲಾ ಘಾಟಿನ ದಾರಿ ಪೂರ್ತಿ ನೀನು ವಾದ ಮಾಡು.