ಮೊದಲು ಬುಷ್, ಆಮೇಲೆ ಶಾಕಪ್, ಸ್ಪ್ರಿಂಗ್ ಕೊನೆಗೆ

ಹಳೆಯ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ (ಆಕ್ಟೇವಿಯಾದ ಸ್ಪೋರ್ಟಿ ಆವೃತ್ತಿ) ಕೊಂಡ ಗೆಳೆಯರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಮುಂಭಾಗದ ಸಸ್ಪೆನ್ಷನ್‌ಗೆ ಯಾವ ಕಾಯ್ಲ್‌ಓವರ್ (ಕಾರಿನ ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್-ಶಾಕಪ್ ಜೋಡಿ) ಹಾಕಿಸಲಿ? ಸದ್ಯಕ್ಕೆ ಯಾವುದನ್ನೂ ಹಾಕಿಸಬೇಡಿ ಎನ್ನುತ್ತೇನೆ. ಈ ಉತ್ತರ ಹಲವರಿಗೆ ರುಚಿಸುವುದಿಲ್ಲವಾದ್ದರಿಂದ ಕಾರಣಗಳನ್ನು ಒಮ್ಮೆ ವಿವರವಾಗಿ ಬರೆದಿಡುತ್ತಿದ್ದೇನೆ.

ನಾನು ಹೇಳುತ್ತಿರುವುದು 2004ರಲ್ಲಿ ಭಾರತಕ್ಕೆ ಬಂದ, 1.8 ಲೀಟರ್ ಟರ್ಬೊ ಎಂಜಿನ್‌ನ, 150 ಅಶ್ವಶಕ್ತಿಯ ಮೊದಲ ತಲೆಮಾರಿನ ಕಾರಿನ ಬಗ್ಗೆ. (ಯುರೋಪಿನ ಆರ್‌ಎಸ್‌ಗೆ 180 ಇತ್ತಲ್ಲ ಎಂಬ ಕೊರಗು ನಮ್ಮವರಲ್ಲಿ ಇನ್ನೂ ಹೋಗಿಲ್ಲ, ಅದು ಬೇರೆ ಮಾತು.) ಇದರ ತಳಪಾಯವು ನಾಲ್ಕನೆಯ ತಲೆಮಾರಿನ ಫೋಕ್ಸ್‌ವ್ಯಾಗನ್ ಗಾಲ್ಫ್ ಮತ್ತು ಮೊದಲ ಆಡಿ ಟಿಟಿ ಕಾರುಗಳದ್ದೇ. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಶಾಕಪ್ ಮತ್ತು ಸ್ಪ್ರಿಂಗ್ ಒಂದೇ ಕಂಬದಲ್ಲಿ; ಅದರ ಕೆಳಗೊಂದು ಲೋಯರ್ ಆರ್ಮ್, ಅಂದರೆ ಚಕ್ರವನ್ನು ಕಾರಿನ ಅಡಿಗೆ ಜೋಡಿಸುವ ತೋಳು. ಇಷ್ಟು ಸರಳವಾದ ಜೋಡಣೆಯಲ್ಲಿ ಶಾಕಪ್ಪಿಗೆ ಕುಲುಕಾಟ ತಗ್ಗಿಸುವ ಕೆಲಸವಷ್ಟೇ ಅಲ್ಲ, ಚಕ್ರವನ್ನು ಮೇಲಿನಿಂದ ಹಿಡಿದು ನೇರವಾಗಿ ನಿಲ್ಲಿಸುವ ಹೊಣೆಯೂ ಇದೆ.

ನಾನೂ ಮೊದಲು ಎಡವಿದ್ದು ಇಲ್ಲೇ. ಕಾರು ನನ್ನ ಕೈಗೆ ಬಂದ ವರ್ಷವೇ ಬಳಸಿದ ಕಾಯ್ಲ್‌ಓವರ್ ಸೆಟ್ ಒಂದನ್ನು ಅಗ್ಗಕ್ಕೆ ಕೊಂಡು, ಸ್ಪ್ರಿಂಗ್ ಕೂರುವ ತಟ್ಟೆಯನ್ನು ಇಳಿಸಿ, ಮುಂಭಾಗವನ್ನು ಸುಮಾರು 45 ಮಿಲಿಮೀಟರ್ ತಗ್ಗಿಸಿದೆ. ನಿಂತಾಗ ಕಾರು ಬಹಳ ಚೆನ್ನಾಗಿ ಕಾಣುತ್ತಿತ್ತು. ಮೊದಲ ಮಳೆಗಾಲದಲ್ಲಿ ಚಾರ್ಮಾಡಿ ಘಾಟಿಯ ಒಂದು ತಿರುವಿನ ನಡುವೆ ಸಣ್ಣ ಗುಂಡಿ ಸಿಕ್ಕಾಗ ಸ್ಟ್ರಟ್ ಪೂರ್ತಿ ಕುಸಿದು ಬಂಪ್ ಸ್ಟಾಪಿಗೆ (ಕೊನೆಯಲ್ಲಿ ತಡೆಯುವ ರಬ್ಬರ್ ತುಂಡಿಗೆ) ಬಡಿದು, ಹೊರಬದಿಯ ಟೈರು ಹಿಡಿತ ಬಿಟ್ಟು, ಸ್ಟಿಯರಿಂಗ್ ತಿರುಗಿಸಿದ್ದರೂ ಕಾರಿನ ಮೂತಿ ನೇರಕ್ಕೇ ಜಾರಿತು. ಪುಣ್ಯಕ್ಕೆ ಎದುರಿನಿಂದ ಬಸ್ಸು ಬರುತ್ತಿರಲಿಲ್ಲ.

ಆದದ್ದೇನೆಂಬುದು ನನಗೆ ಅರ್ಥವಾಗಿದ್ದು ಕಾರನ್ನು ಲಿಫ್ಟಿನ ಮೇಲೆ ಚಕ್ರಗಳ ಭಾರದಲ್ಲೇ ನಿಲ್ಲಿಸಿ ಅಡಿಯಿಂದ ನೋಡಿದಾಗ. ಲೋಯರ್ ಆರ್ಮ್ ಚಕ್ರದ ಕಡೆಗೆ ತುಸು ಇಳಿಜಾರಾಗಿ, ಕೊನೆಯಪಕ್ಷ ಮಟ್ಟಸವಾಗಿ ಇರಬೇಕು. ನನ್ನ ಕಾರಿನಲ್ಲಿ ಅದು ಚಕ್ರದ ಕಡೆಗೆ ಮೇಲೇರಿತ್ತು. ಹೀಗಾದಾಗ ಕಾರಿನ ಗುರುತ್ವಕೇಂದ್ರ ಎಷ್ಟು ಇಳಿದಿದೆಯೋ ಅದಕ್ಕಿಂತ ಹೆಚ್ಚಾಗಿ ರೋಲ್ ಸೆಂಟರ್ (ತಿರುವಿನಲ್ಲಿ ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು) ಕೆಳಗಿಳಿಯುತ್ತದೆ, ಎರಡರ ನಡುವಿನ ಅಂತರ ಹೆಚ್ಚುತ್ತದೆ, ಪರಿಣಾಮವಾಗಿ ತಗ್ಗಿಸಿದ ಕಾರು ತಿರುವಿನಲ್ಲಿ ಇನ್ನಷ್ಟು ವಾಲಲು ಹವಣಿಸುತ್ತದೆ. ಅದನ್ನು ತಡೆಯಲು ಇನ್ನೂ ಗಟ್ಟಿ ಸ್ಪ್ರಿಂಗ್ ಬೇಕು, ಗಟ್ಟಿ ಸ್ಪ್ರಿಂಗ್ ನಮ್ಮ ರಸ್ತೆಯಲ್ಲಿ ಟೈರನ್ನು ನೆಲದಿಂದ ಎಗರಿಸುತ್ತದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದ ಪ್ರಕಾರ ರಸ್ತೆಯ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ನಮ್ಮ ಬಡಾವಣೆಗಳಲ್ಲಿ ಒಂದು ಮೊಳದ ಅಗಲಕ್ಕೆ ಅದೇ ಎತ್ತರ ಕಟ್ಟಿರುತ್ತಾರೆ. ಕಾಯ್ಲ್‌ಓವರ್ ತಯಾರಕರು ಲೆಕ್ಕ ಹಾಕುವಾಗ ಇಂಥ ಹಂಪ್‌ಗಳನ್ನು ಕಂಡಿರಲಿಕ್ಕಿಲ್ಲ.

ಹಾಗಾದರೆ ದುಡ್ಡು ಎಲ್ಲಿ ಹಾಕಬೇಕು? ನನ್ನ ಮಟ್ಟಿಗೆ ಮೊದಲ ಸ್ಥಾನ ಲೋಯರ್ ಆರ್ಮಿನ ಹಿಂದಿನ ಬುಷ್‌ನದು, ಅಂದರೆ ಆರ್ಮ್ ಕಾರಿಗೆ ಸೇರುವಲ್ಲಿರುವ ರಬ್ಬರ್ ಬಿಲ್ಲೆಯದು. ಸವಾರಿ ಮೆತ್ತಗಿರಲೆಂದು ಮೂಲ ಬುಷ್‌ನ ರಬ್ಬರಿನಲ್ಲಿ ಟೊಳ್ಳು ಬಿಟ್ಟಿದ್ದಾರೆ. ಇಷ್ಟು ವರ್ಷಗಳಲ್ಲಿ ಆ ರಬ್ಬರು ಸೀಳದೆ ಉಳಿದಿರುವ ಕಾರು ಅಪರೂಪ. ಸೀಳಿದ ಬುಷ್‌ನಿಂದಾಗಿ ಬ್ರೇಕ್ ಒತ್ತಿದ ಕೂಡಲೇ ಚಕ್ರ ಹಿಂದಕ್ಕೆ ಸರಿಯುತ್ತದೆ, ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಬದಲಾಗುತ್ತದೆ, ಕಾರು ಒಂದು ಬದಿಗೆ ಎಳೆಯುತ್ತದೆ. ನಾವು ಅದನ್ನು ಶಾಕಪ್ಪಿನ ದೋಷವೆಂದು ಬಗೆಯುತ್ತೇವೆ. ಆಡಿ ಟಿಟಿಯ ಟೊಳ್ಳಿಲ್ಲದ ಗಟ್ಟಿ ರಬ್ಬರ್ ಬುಷ್ ಇದೇ ಆರ್ಮಿಗೆ ಕೂರುತ್ತದೆ. ಈ ಕಾರಿಗೆ ನಾನು ಮಾಡಿಸಿದ ಕೆಲಸಗಳಲ್ಲಿ ಕೊಟ್ಟ ಹಣಕ್ಕೆ ಅತಿ ಹೆಚ್ಚು ಫಲ ಸಿಕ್ಕಿದ್ದು ಇದರಿಂದಲೇ. ಪಾಲಿಯುರೆಥೇನ್ ಬುಷ್ ಇನ್ನೂ ಬಿಗಿ ನಿಜ, ಆದರೆ ಅದರ ಕಿರುಗುಟ್ಟುವಿಕೆಯನ್ನು ದಿನವೂ ಕೇಳುವ ತಾಳ್ಮೆ ನನಗಿಲ್ಲ. ಬುಷ್ ಬೋಲ್ಟನ್ನು ಕೊನೆಯದಾಗಿ ಬಿಗಿಮಾಡುವಾಗ ಕಾರಿನ ಭಾರ ಚಕ್ರದ ಮೇಲೇ ಇರಬೇಕೆಂದು ಮೆಕ್ಯಾನಿಕ್‌ಗೆ ಒತ್ತಿ ಹೇಳಿ. ಚಕ್ರ ಜೋತಾಡುವಾಗ ಬಿಗಿದರೆ ಹೊಸ ರಬ್ಬರು ತಿರುಚಿಕೊಂಡೇ ಕೂತು ಬೇಗ ಹರಿಯುತ್ತದೆ.

ಆರ್ಮನ್ನು ಚಕ್ರದ ಕಡೆಗೆ ಜೋಡಿಸುವ ಬಾಲ್ ಜಾಯಿಂಟ್ ಮತ್ತು ವಾಲುವಿಕೆ ತಡೆಯುವ ಸರಳಿನ ಲಿಂಕ್ ರಾಡುಗಳನ್ನು ಅದೇ ದಿನ ಬದಲಿಸಿಬಿಡಿ, ಅದರಲ್ಲಿ ಚರ್ಚೆಗೆ ಏನೂ ಇಲ್ಲ.

ಆಮೇಲೆ ಶಾಕಪ್. ಎತ್ತರ ಬದಲಿಸದವರಿಗೆ ಬಿಲ್‌ಸ್ಟೈನ್ ಬಿ6 ಸರಿ; ತಗ್ಗಿಸಿದ ಸ್ಪ್ರಿಂಗ್‌ಗಾಗಿ ಗಿಡ್ಡ ಮಾಡಿದ ಬಿ8 ಅನ್ನು ಹೆಸರು ದೊಡ್ಡದೆಂದು ಮೂಲ ಸ್ಪ್ರಿಂಗಿನ ಜೊತೆ ಕೂರಿಸಿ ಕೈಸುಟ್ಟುಕೊಂಡವರನ್ನು ನೋಡಿದ್ದೇನೆ. ಸ್ಪ್ರಿಂಗ್ ಹಿಂತಿರುಗುವ ಬಿಗಿಯನ್ನು ತಾವೇ ಹೊಂದಿಸಿಕೊಳ್ಳಬೇಕೆನ್ನುವವರಿಗೆ ಹಳದಿ ಕೋನಿ ಇದೆ. ಯಾವುದನ್ನೇ ಆರಿಸಿದರೂ ಸ್ಟ್ರಟ್ ಬಿಚ್ಚಿದಾಗಲೇ ಮೇಲಿನ ಮೌಂಟ್ ಮತ್ತು ಬೇರಿಂಗ್ ಹೊಸದಾಗಿರಲಿ, ಇಲ್ಲವಾದರೆ ಸ್ಟಿಯರಿಂಗ್ ತಿರುಗಿಸಿದಾಗಲೆಲ್ಲ ಸ್ಪ್ರಿಂಗ್ ಟಣ್ ಎನ್ನುತ್ತದೆ.

ಇಷ್ಟಾದ ಮೇಲೂ ತಗ್ಗಿಸಲೇಬೇಕೆಂಬ ಆಸೆ ಉಳಿದಿದ್ದರೆ 20 ಮಿಲಿಮೀಟರ್ ಸಾಕು. ಈ ಕಾರಿನ ಮುಂಚಕ್ರದ ಕ್ಯಾಂಬರ್ (ಎದುರಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ಹೊಂದಿಸಲು ಕಂಪನಿ ಪ್ರತ್ಯೇಕ ವ್ಯವಸ್ಥೆ ಇಟ್ಟಿಲ್ಲ. ಲೋಯರ್ ಆರ್ಮ್‌ಗಳು ಜೋಡಿಸಿರುವ ಚೌಕಟ್ಟಾದ ಸಬ್‌ಫ್ರೇಮನ್ನು ಪಕ್ಕಕ್ಕೆ ಸರಿಸಿ ಎಡಬಲ ಸಮ ಮಾಡಬಹುದಷ್ಟೇ. ಆದ್ದರಿಂದ ಅಲೈನ್‌ಮೆಂಟ್ ಅಂಗಡಿಯಲ್ಲಿ ಟೋ ಮಾತ್ರ ಸರಿಮಾಡಿ ಕಳುಹಿಸಲು ಹೊರಟರೆ, ಸಬ್‌ಫ್ರೇಮ್ ಬೋಲ್ಟ್ ಸಡಿಲಿಸಿ ಎರಡೂ ಬದಿಯ ಕ್ಯಾಂಬರ್ ಅಳತೆ ತೋರಿಸುವವರೆಗೆ ಅಲ್ಲಿಂದ ಕದಲಬೇಡಿ.