ಫುಲ್ ಬಾಡಿ ಚೆಕಪ್, ಬಾಡಿಯೊಂದನ್ನು ಬಿಟ್ಟು

ಭಾವನಿಗೆ ಜ್ವರ ಬಂದ ಐದನೆಯ ದಿನ ಆಸ್ಪತ್ರೆಗೆ ಕರೆದೊಯ್ದೆವು. ದಸರೆ ರಜೆಯಲ್ಲಿ ಊರಿನ ತೋಟದಲ್ಲಿ ಹುಲ್ಲು ಕೊಯ್ದು ಬಂದಿದ್ದರು. ಡಾಕ್ಟರ ಮುಂದೆ ಕುಳಿತದ್ದೇ ಹಳೆಯ ಅಭ್ಯಾಸಬಲದಿಂದ ಅಂಗಿಯ ಗುಂಡಿಗೆ ಕೈ ಹಾಕಿ ನಾಲಿಗೆ ಚಾಚಿದರು. ಡಾಕ್ಟರು ಕಂಪ್ಯೂಟರಿನಿಂದ ಕಣ್ಣು ಕೀಳದೆ, ‘ಅದೆಲ್ಲ ಬೇಡ, ಜ್ವರದ ಪ್ಯಾಕೇಜ್ ಮಾಡಿಸಿಬಿಡಿ’ ಎಂದರು. ಚಾಚಿದ ನಾಲಿಗೆಯನ್ನು ಒಳಗೆಳೆದುಕೊಂಡ ಭಾವನ ಪೆಚ್ಚುಮೋರೆಯನ್ನು ನಾನೊಬ್ಬನೇ ನೋಡಿದೆ.

1816ರಲ್ಲಿ ಪ್ಯಾರಿಸ್ಸಿನ ಲೆನೆಕ್ ಎಂಬ ವೈದ್ಯ, ಯುವತಿಯ ಎದೆಗೆ ಕಿವಿಯಿಡಲು ಸಂಕೋಚಪಟ್ಟು ಕಾಗದದ ಸುರುಳಿ ಮಾಡಿ ಆಲಿಸಿದ. ಸ್ಟೆತಾಸ್ಕೋಪು ಹುಟ್ಟಿದ್ದು ಹಾಗೆ. ಆ ಗೇಣುದ್ದದ ಅಂತರ ಈಗ ಕೆಳಮಹಡಿಯ ಲ್ಯಾಬಿನವರೆಗೆ ಬೆಳೆದಿದೆ.

ಪ್ಯಾಕೇಜಿನಲ್ಲಿದ್ದ ವೈಡಾಲ್ ಪರೀಕ್ಷೆ ಮಹಾ ಉದಾರಿ. ಬಂದವರಿಗೆಲ್ಲ ಅಷ್ಟಿಷ್ಟು ಟೈಫಾಯ್ಡ್ ಹಂಚುತ್ತದೆ. ಭಾವನಿಗೂ ಒಂದು ಪಾಲು ಸಿಕ್ಕಿತು. ಪ್ಲೇಟ್‌ಲೆಟ್ 80 ಸಾವಿರಕ್ಕೆ ಇಳಿದದ್ದೇ ತಡ, ಮನೆಯ ವಾಟ್ಸ್‌ಆ್ಯಪ್ ಗುಂಪು ಷೇರುಪೇಟೆಯಾಯಿತು. ಚಿಕ್ಕಪ್ಪ ಪಪ್ಪಾಯಿ ಎಲೆಯ ರಸ ಹಿಡಿದು ಬಂದರು. ಡೆಂಗಿಯಲ್ಲದ ಜ್ವರದಲ್ಲೂ ಪ್ಲೇಟ್‌ಲೆಟ್ ಇಳಿಯುತ್ತದೆ ಎಂದ ನನ್ನನ್ನು ಗುಂಪಿನಿಂದಲೇ ತೆಗೆದುಹಾಕಿದರು.

ಆಸ್ಪತ್ರೆಗೆ ದಾಖಲಾದ ಮೂರನೆಯ ರಾತ್ರಿ ಮೈ ಒರೆಸಲು ಬಂದ ನರ್ಸಮ್ಮ ಉಡಿದಾರ ಸರಿಸಿದರು. ಅದರಡಿಯಲ್ಲಿ ಬೀಡಿ ತಾಗಿ ಸುಟ್ಟಂಥ ಕಪ್ಪು ಹಕ್ಕಳೆ, ಸುತ್ತ ಕೆಂಪು ಅಂಚು. ನೋವಿಲ್ಲ, ತುರಿಕೆಯಿಲ್ಲ, ಹಾಗಾಗಿ ಭಾವನಿಗೂ ಗೊತ್ತಿರಲಿಲ್ಲ. ‘ಸ್ಕ್ರಬ್ ಟೈಫಸ್ ಇರಬೇಕು ಸರ್, ನಮ್ಮೂರ ಕಡೆ ನೋಡಿದ್ದೇನೆ’ ಎಂದರು. ಈ ಜ್ವರ ಅಂಟಿಸುವುದು ಹುಲ್ಲು ಪೊದೆಗಳಲ್ಲಿರುವ ನುಸಿಯ ಮರಿ. ಅದು ಮೈಯೇರಿ, ಕಂಕುಳು, ತೊಡೆಸಂದಿ, ಬಟ್ಟೆ ಬಿಗಿಯಾಗುವ ಸೊಂಟ ಇಂಥ ಕಡೆ ಕಚ್ಚುತ್ತದೆ. ಕಚ್ಚಿದ ಜಾಗದಲ್ಲಿ ರುಜು ಹಾಕಿಯೇ ಹೋಗಿತ್ತು. ಈ ಕಲೆ ಎಲ್ಲ ರೋಗಿಗಳಲ್ಲೂ ಇರುವುದಿಲ್ಲ, ಒಪ್ಪಿದೆ. ಹುಡುಕದ ಡಾಕ್ಟರಿಗಂತೂ ಯಾರಲ್ಲೂ ಇರುವುದಿಲ್ಲ. ಪ್ಯಾಕೇಜಿನಲ್ಲಿ ಈ ಜ್ವರದ ಹೆಸರೇ ಇರಲಿಲ್ಲ.

ಲೋಟ ಕಾಫಿಗಿಂತ ಅಗ್ಗವಾದ ಡಾಕ್ಸಿಸೈಕ್ಲಿನ್ ಮಾತ್ರೆ ಶುರುವಾಯಿತು. ಎರಡೇ ದಿನದಲ್ಲಿ ಜ್ವರ ಇಳಿದು ಭಾವ ಉಪ್ಪಿಟ್ಟಿಗೆ ಉಪ್ಪು ಕಡಿಮೆಯೆಂದು ಜಗಳ ತೆಗೆದರು.

ಬಿಡುಗಡೆಯ ದಿನ ಕೈಗೆ ಬಂದ ವರದಿಯಲ್ಲಿ, ದಾಖಲಾದ ದಿನದ ಕಾಲಂ ಹೀಗಿತ್ತು: ‘ಸರ್ವಾಂಗ ಪರೀಕ್ಷೆ ಮಾಡಲಾಗಿದೆ. ಚರ್ಮ: ಸಹಜ.’ ಬಿಲ್ಲಿನ ನಾಲ್ಕು ಪುಟಗಳಲ್ಲಿ ರೋಗ ಪತ್ತೆಯಾದ ಘಳಿಗೆಯನ್ನು ಹುಡುಕಿದೆ. ಕೊನೆಯ ಪುಟದಲ್ಲಿ ಸಿಕ್ಕಿತು: ‘ಮೈ ಒರೆಸಿದ್ದು, 150 ರೂಪಾಯಿ.’